ಭಾವಮೈದುನನ ಕೋಳಿ

ಕೆಝಿಯಾಳಿಗೆ ಆ ವರ್ಷ ಮರೆಯುವ ಸ್ವಾತಂತ್ರ್ಯವೇ ಇಲ್ಲವಾಗಿತ್ತು. ಊರಲ್ಲಿ ಉಳಿದವರೆಲ್ಲ ಆರಾಮವಾಗಿ ಮರೆಯಬಹುದಿತ್ತು. ಪಾದ್ರಿ ಭಾನುವಾರ ಯಾವ ಅಧ್ಯಾಯ ಓದಬೇಕೆಂದು ಮರೆತು ಬೈಬಲಿನ ಹಾಳೆ ಮಗುಚುತ್ತಾ ನಿಂತರೆ ಜನ ಕೆಮ್ಮಿ ಸುಮ್ಮನಾಗುತ್ತಿದ್ದರು. ಅಂಗಡಿಯ ಹುಡುಗಿ ಸಕ್ಕರೆಯ ಬದಲು ಉಪ್ಪು ಕಟ್ಟಿಕೊಟ್ಟರೆ ಯಾರನ್ನೋ ಮೆಚ್ಚಿಕೊಂಡಿದ್ದಾಳೆ ಎಂದು ನಗುತ್ತಿದ್ದರು. ಕೆಝಿಯಾ ಒಂದು ಹೆಸರಿಗೆ ತಡವರಿಸಿದರೆ ಸಾಕು, ಎದುರಿಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಆ ನೋಟ ಕಂಡಾಗಲೆಲ್ಲ ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು.

ಎಲ್ಲ ಶುರುವಾದದ್ದು ಎರಡು ಗುಂಡಿಗಳಿಂದ. ಮಸಾಕಾ ರಸ್ತೆಯ ಪಕ್ಕದ ಪೇಟೆಯಲ್ಲಿ, ಔಷಧಿ ಅಂಗಡಿಯ ಜಗುಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೆಝಿಯಾ ಪ್ರಾಯದಿಂದಲೂ ಗೊಮೆಸಿ ಹೊಲಿಯುತ್ತಿದ್ದಳು. ಹೆಗಲು ಎದ್ದು ನಿಂತ, ನೆಲ ಮುಟ್ಟುವ, ಸೊಂಟಕ್ಕೆ ಅಗಲ ಪಟ್ಟಿ ಸುತ್ತುವ ಆ ಉಡುಪಿಗೆ ಗುಂಡಿ ಎರಡೇ, ಅವೂ ಎಡಕ್ಕೇ. ಒಂದು ಮಧ್ಯಾಹ್ನ ಇಗರ್ಜಿಯ ಹಾಡಿನ ಮೇಷ್ಟ್ರ ಎರಡನೇ ಮದುವೆಯ ಸುದ್ದಿ ರಸವತ್ತಾಗಿ ನಡೆದಿತ್ತು. ಕೈ ತನ್ನ ಪಾಡಿಗೆ ತಾನು ಗುಂಡಿಗಳನ್ನು ಬಲಕ್ಕೆ ಹಾಕಿಬಿಟ್ಟಿತು. ಕೊಂಡವಳು ಕತ್ತಲಲ್ಲಿ ಉಟ್ಟುಕೊಂಡು ನೇರವಾಗಿ ಬೆಳಗಿನ ಪ್ರಾರ್ಥನೆಗೆ ಹೋದಳು. ಇಡೀ ಸಭೆ ನಕ್ಕಿತು, ಕೆಝಿಯಾಳೂ ನಕ್ಕಳು, ಸಂಜೆಯೊಳಗೆ ಬಿಚ್ಚಿ ಸರಿಮಾಡಿಕೊಟ್ಟಳು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಏಕೆಂದರೆ ಅತ್ತಿಗೆ ಸಮಾಲಿ ಅದನ್ನು ಮುಗಿಯಗೊಡಲಿಲ್ಲ. ಸಮಾಲಿ ಎಂದರೆ ಕೆಝಿಯಾಳ ಅಣ್ಣ ಎರಿಯಾನ ಹೆಂಡತಿ. ಯಾರ ಬಗ್ಗೆಯೂ ಕೆಟ್ಟ ಮಾತಾಡದವಳು ಎಂದು ಹೆಸರು ಪಡೆದವಳು; ಅಂಥವಳು ಬಾಯಿ ಬಿಟ್ಟರೆ ಜನ ನಂಬುತ್ತಾರೆ. ನಮ್ಮ ಕೆಝಿಯಾಗೆ ಪಾಪ ಮೊದಲಿನ ಹಾಗಿಲ್ಲ ಎಂದು ಅವಳು ನೀರಿನ ಒರತೆಯ ಹತ್ತಿರ ಹೇಳಿದಳು, ಇಗರ್ಜಿಯ ಮೆಟ್ಟಿಲ ಮೇಲೆ ಹೇಳಿದಳು, ಸಾವಿನ ಮನೆಯ ಚಾಪೆಯ ಮೇಲೂ ಹೇಳಿದಳು. ಆಮೇಲೆ ತಪ್ಪುಗಳು ತಾವಾಗಿಯೇ ಬಂದು ಸಾಲಾಗಿ ನಿಂತವು. ಮಾತೋಕೆ ಬಾಳೆಕಾಯಿಯನ್ನು ಎಲೆಯಲ್ಲಿ ಕಟ್ಟಿ ಒಲೆಗಿಟ್ಟು, ಪಾತ್ರೆಗೆ ನೀರು ಹಾಕಲು ಮರೆತು ತಳ ಹಿಡಿಸಿದ್ದು. ಮೊಬೈಲಿನ ಪಿನ್ ನಂಬರು ಪದೇ ಪದೇ ತಪ್ಪೊತ್ತಿ ಲಾಕ್ ಮಾಡಿಕೊಂಡಿದ್ದು. ಈಸ್ಟರ್ ಊಟದಲ್ಲಿ ಅಣ್ಣನ ಮಗ ಕೆಫಾನನ್ನು ಎರಿನೆಸ್ತಿ ಎಂದು ಕರೆದದ್ದು.

ಎರಿನೆಸ್ತಿ ಕೆಫಾನ ಅಣ್ಣ. ಲಾರಿ ಹೊಡೆದು ಸತ್ತು ಎಷ್ಟೋ ವರ್ಷಗಳಾಗಿದ್ದವು. ಮನೆತುಂಬ ಮಕ್ಕಳನ್ನು ಎತ್ತಿ ಆಡಿಸಿದ ಯಾವ ಹೆಂಗಸು ಒಬ್ಬನನ್ನು ಕರೆಯಲು ಹೋಗಿ ಇನ್ನೊಬ್ಬನ ಹೆಸರು ಹಿಡಿದಿಲ್ಲ? ಕೆಝಿಯಾ ಅದೇ ಉಸಿರಿನಲ್ಲಿ ನಾಲಿಗೆ ಕಚ್ಚಿಕೊಂಡು ತಿದ್ದಿಕೊಂಡಿದ್ದಳು. ಆದರೆ ಸಮಾಲಿ ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋದಳು, ಶೇಂಗಾ ಸಾರು ಯಾರ ಗಂಟಲಲ್ಲೂ ಇಳಿಯಲಿಲ್ಲ. ಮರುದಿನದಿಂದ ಕೆಝಿಯಾಳೊಡನೆ ಎಲ್ಲರೂ ಸ್ವಲ್ಪ ಜೋರಾಗಿ, ಸ್ವಲ್ಪ ನಿಧಾನವಾಗಿ ಮಾತಾಡಲು ಶುರುಮಾಡಿದರು. ಅವಳ ಕಿವಿಗೆ ಏನೂ ಆಗಿರಲಿಲ್ಲ.

ಅವಳಿಗೂ ಹೆದರಿಕೆ ಇರಲಿಲ್ಲವೆಂದಲ್ಲ. ಯಾರದೋ ಹೆಸರು ಬೆಳಿಗ್ಗೆ ನಾಲಿಗೆಯ ತುದಿಯಲ್ಲಿ ಕೂತು ಸತಾಯಿಸಿ, ಸಂಜೆ ತಟ್ಟೆ ತೊಳೆಯುವಾಗ ತಾನಾಗಿ ಬಂದರೆ ಒಬ್ಬಳೇ ಕೋಣೆಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಪಕ್ಕದ ಮನೆಯವರಿಗೆ ಅದೂ ಕೇಳಿಸಿ, ಕೆಝಿಯಾ ಗೋಡೆಯ ಜೊತೆ ಮಾತಾಡುತ್ತಾಳೆ ಎಂದಾಯಿತು. ಮನುಷ್ಯರಾಗಿ ಹುಟ್ಟಿದ ಮೇಲೆ ಮರೆತರೂ ಕಷ್ಟ, ನೆನಪಾದರೂ ಕಷ್ಟ.

ಇಷ್ಟೇ ಆಗಿದ್ದರೆ ಬೈದುಕೊಂಡು ಹೇಗೋ ಬಾಳುತ್ತಿದ್ದಳು. ಆದರೆ ಅಣ್ಣನ ಕಿರಿಮಗಳು ಪೆನಿನಾಳ ಕ್ವಂಜುಲಾ ಗೊತ್ತಾಯಿತು. ಹುಡುಗಿ ತನ್ನವರ ಮುಂದೆ ಹುಡುಗನನ್ನು ಒಪ್ಪಿಕೊಳ್ಳುವ ಆ ದಿನ ಸೋದರತ್ತೆಯದು, ಸೆಂಗಾಳದು. ಹುಡುಗ ತನ್ನ ಗಂಡಸರ ಗುಂಪಿನಲ್ಲಿ ಯಾರೋ ಏನೋ ಎಂಬಂತೆ ಕೂತಿರುತ್ತಾನೆ. ಎಲ್ಲರದೂ ಪಾದ ಮುಟ್ಟುವ ಅದೇ ಬಿಳಿ ಕಾಂಝು, ಮೇಲೆ ಅದೇ ಕಪ್ಪು ಕೋಟು. ಸೆಂಗಾ ಹೂವು ಹಿಡಿದು ಸಾಲಿನ ಉದ್ದಕ್ಕೂ ನಡೆದು, ಅವನನ್ನು ಹುಡುಕಿ, ಎದೆಗೆ ಹೂವು ಚುಚ್ಚಬೇಕು. ತಪ್ಪು ಎದೆಗೆ ಚುಚ್ಚಿದರೆ ಆ ಕಥೆ ಅವಳ ಸಮಾಧಿಯವರೆಗೂ ಹಿಂದೆ ಬರುತ್ತದೆ. ಕೆಝಿಯಾ ಅಣ್ಣತಮ್ಮಂದಿರ ಹೆಣ್ಣುಮಕ್ಕಳೆಷ್ಟೋ ಜನರ ಗಂಡಂದಿರಿಗೆ ಹೂವು ಚುಚ್ಚಿದವಳು, ಒಂದೂ ತಪ್ಪಿರಲಿಲ್ಲ. ಪೆನಿನಾಳನ್ನಂತೂ ಹಾಲುಹಲ್ಲಿನಿಂದ ಬೆಳೆಸಿದವಳು. ಈ ಹೂವು ತನ್ನ ಕೊನೆಯದು ಎಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಅದು ಬೇಕಿತ್ತು.

ಸಾಲದ್ದಕ್ಕೆ ಹುಡುಗ ವಾಸ್ವಾನಿಗೆ ಒಬ್ಬ ಅವಳಿ ತಮ್ಮ ಇದ್ದ, ಕಾತೊ. ಒಂದೇ ಹಣೆ, ಒಂದೇ ಮೂಗು, ನಕ್ಕರೆ ಕಾಣುವ ಹಲ್ಲಿನ ಸಂದಿ ಕೂಡ ಒಂದೇ. ಸಮಾಲಿ ಇದನ್ನು ಕೈಬಿಡಲಿಲ್ಲ. ಹೂವಿನ ಕೆಲಸ ಹ್ಯಾರಿಯೆಟ್ ಮಾಡಲಿ ಎಂದಳು. ಹ್ಯಾರಿಯೆಟ್ ಕೆಝಿಯಾಳ ಚಿಕ್ಕಪ್ಪನ ಮಗಳು, ಪೇಟೆಯ ಶಾಲೆಯಲ್ಲಿ ಗುಮಾಸ್ತೆ, ಹುಬ್ಬು ತೀಡಿಕೊಂಡು ಬರುವವಳು. ವಾರ ಕಳೆಯುವುದರೊಳಗೆ ಎರಿಯಾ, ಕುಲದ ಹಿರಿಯರ ಮುಂದೆ, ಹ್ಯಾರಿಯೆಟ್ಟೇ ಆಗಲಿ ಎಂದು ತಲೆಯಾಡಿಸಿದ್ದೂ ಆಯಿತು.

ಪೆನಿನಾ ಒಳ್ಳೆಯ ಹುಡುಗಿ. ಸೆಂಗಾಗೆ ಅವಮಾನವಾಗಬಾರದು ಎಂದು ಅವಳನ್ನು ಪೇಟೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರು ಮೀಸೆ ಇನ್ನೂ ದಟ್ಟವಾಗದ ಯುವಕ. ಗಡಿಯಾರದ ಚಿತ್ರ ಬರೆಸಿದ, ಲೆಕ್ಕ ಕೇಳಿದ, ಬುಟ್ಟಿ, ಮೇಕೆ, ಕೊಡೆ, ನದಿ, ಬೀಗ ಎಂದು ಹೇಳಿ ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಹೇಳಿ ಎಂದ. ಒಂದು ಮಾತ್ರ ಸಿಗಲಿಲ್ಲ. ಹೊರಗೆ ಬಂದು ಟ್ಯಾಕ್ಸಿಗೆ ಕಾಯುವಾಗ ಹನಿ ಬಿತ್ತು. ಕೆಝಿಯಾ ರಸ್ತೆ ದಾಟಿ ವಾಪಸ್ಸು ಓಡಿ, ಬೇರೆ ರೋಗಿಯ ಎದೆ ನೋಡುತ್ತಿದ್ದ ಡಾಕ್ಟರಿಗೆ ಕಿಟಕಿಯಿಂದಲೇ, ಕೊಡೆ ಎಂದಳು. ಅವನು ನಕ್ಕುಬಿಟ್ಟ.

"ಅಮ್ಮ, ನಿಮಗೆ ಆಗಿರೋದು ವಯಸ್ಸು ಅಷ್ಟೆ," ಎಂದ. "ಮರೆತೆ ಅಂತ ಗೊತ್ತಾಗತ್ತೆ, ಹುಡುಕ್ತೀರಿ, ತಡವಾಗಿ ಆದ್ರೂ ಸಿಗತ್ತೆ. ತಾನು ನಡೆದು ನಡೆದು ಸವೆದ ದಾರೀಲೇ ದಾರಿ ತಪ್ಪಿ, ತಪ್ಪಿದೀನಿ ಅಂತಾನೂ ಗೊತ್ತಾಗದೆ ನಿಂತಿರೋರು ಯಾರಾದ್ರೂ ಇದ್ರೆ ಅವರನ್ನ ನನ್ನ ಹತ್ರ ಕರ್ಕೊಂಡು ಬನ್ನಿ."

ಕೆಝಿಯಾ ಆ ಮಾತನ್ನು ಊರೆಲ್ಲ ಹೇಳಿಕೊಂಡು ಬಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡಾಕ್ಟರು ಇನ್ನೂ ಹುಡುಗ, ಅವನ ತಾಯಿ ಕೆಝಿಯಾಳ ಹತ್ತಿರವೇ ಗೊಮೆಸಿ ಹೊಲಿಸುತ್ತಾಳೆ, ಇನ್ನೇನು ಹೇಳಿಯಾನು ಎಂದು ಸಮಾಲಿ ಸಮಾಧಾನದಿಂದ ವಿವರಿಸಿದಳಂತೆ. ಕೊಡೆಯ ಕಥೆಯೂ ತಿರುಗುಮುರುಗಾಗಿ, ಕೆಝಿಯಾ ಆಸ್ಪತ್ರೆಯ ಕಿಟಕಿಯಲ್ಲಿ ನಿಂತು ಕೊಡೆ ಕೊಡೆ ಎಂದು ಕೂಗುತ್ತಿದ್ದಳು ಎಂದಾಯಿತು. ಆ ಸಿಟ್ಟನ್ನೆಲ್ಲ ಅವಳು ಹೊಲಿಗೆ ಯಂತ್ರದ ಪೆಡಲಿನ ಮೇಲೆ ತೀರಿಸಿಕೊಂಡಳು. ಸೂಜಿ ಮುರಿಯಿತು.

ಕ್ವಂಜುಲಾಗೆ ವಾರವಿದ್ದಾಗ ಅವಳು ಅಣ್ಣನನ್ನೇ ಕೇಳಿಬಿಡೋಣ ಎಂದು ಬೆಟ್ಟದ ಮೇಲಿನ ಮನೆಗೆ ಹೋದಳು. ಎರಿಯಾ ಹಿಂದೆ ಕಾಫಿ ಸಹಕಾರ ಸಂಘದ ಅಧ್ಯಕ್ಷನಾಗಿದ್ದವನು, ಮಾತು ಕಡಿಮೆ, ಗದ್ದ ಅಲ್ಲಾಡಿಸಿದರೆ ಹೌದು, ಅಲ್ಲಾಡಿಸದಿದ್ದರೆ ಇಲ್ಲ. ಉಳಿದದ್ದನ್ನೆಲ್ಲ ಪಕ್ಕದಲ್ಲಿ ಕೂತ ಸಮಾಲಿ ಹೇಳುತ್ತಿದ್ದಳು. ಕೆಝಿಯಾ ಚಾಪೆಯ ಮೇಲೆ ಮಂಡಿಯೂರಿ ಕ್ಷೇಮ ವಿಚಾರಿಸಿ, ಸುತ್ತು ಬಳಸದೆ ಕೇಳಿದಳು:

"ಅಣ್ಣ, ಪೆನಿನಾಳ ಹುಡುಗನಿಗೆ ಹೂವು ಹಾಕೋದು ನಾನಾ, ಹ್ಯಾರಿಯೆಟ್ಟಾ?"

"ಹ್ಯಾರಿಯೆಟ್ ಯಾಕೆ?" ಎಂದ ಎರಿಯಾ ಹುಬ್ಬು ಗಂಟಿಕ್ಕಿ. "ಇದೆಂಥ ಪ್ರಶ್ನೆ. ನನ್ನ ತಂಗಿ ನೀನಲ್ವಾ?"

ಸಮಾಲಿಯ ಮಡಿಲಲ್ಲಿದ್ದ ಶೇಂಗಾ ಮೊರ ಓರೆಯಾಗಿ ಕಾಳು ನೆಲಕ್ಕೆ ಚೆಲ್ಲಿತು. ಕೆಝಿಯಾಳಿಗೆ ಎದೆ ತುಂಬಿ ಬಂತು. ಅಣ್ಣ ಕೊನೆಗೂ ಹೆಂಡತಿಯ ಬಾಯಿ ಮುಚ್ಚಿಸಿದ, ಹಿರಿಯರ ಮುಂದೆ ಆಡಿದ ಮಾತನ್ನೂ ತಂಗಿಗಾಗಿ ಹಿಂದಕ್ಕೆ ತೆಗೆದುಕೊಂಡ ಎಂದುಕೊಂಡಳು. ಅವನು ಇನ್ನೂ ಮುಂದೆ ಹೋಗಿ, ತಂಗಿಗೆ ಒಂದು ಗೊನೆ ಕಡಿದು ಕೊಡುತ್ತೇನೆ ಎಂದು ಕತ್ತಿ ಹಿಡಿದು ಎದ್ದ. ಸಮಾಲಿ ಬೆನ್ನಿಗೇ ಹೊರಟಳು. ಅಷ್ಟರಲ್ಲಿ ಶಾಮಿಯಾನದವರು ಅಂಗಳಕ್ಕೆ ಬಂದು ಅವಳನ್ನು ಹಿಡಿದು ನಿಲ್ಲಿಸಿಕೊಂಡರು.

ಬಾಳೆತೋಟದಲ್ಲಿ ಅಣ್ಣ ಮುಂದೆ, ಅವಳು ಹಿಂದೆ. ಆ ತೋಟದ ಒಂದೊಂದು ಬುಡವನ್ನೂ ಅವನೇ ನೆಟ್ಟಿದ್ದ. ಸ್ವಲ್ಪ ದೂರ ಹೋದ ಮೇಲೆ ಅವನು ನಿಂತ. ಗೊನೆ ನೋಡುತ್ತಿದ್ದಾನೆ ಎಂದುಕೊಂಡಳು. ಅವನು ಕೈಯಲ್ಲಿದ್ದ ಕತ್ತಿಯನ್ನು ನೋಡಿದ, ಮರ ನೋಡಿದ, ಆಮೇಲೆ ಅವಳ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ಕೆಝಿಯಾ, ಮನೆ ಯಾವ ಕಡೆಗೆ?"

ಅವಳು ನಕ್ಕಳು. ಅವನು ನಗಲಿಲ್ಲ.

"ಬೇಗ ಹೋಗೋಣ. ಅಮ್ಮ ಕಾಯ್ತಿರ್ತಾಳೆ."

ಅಮ್ಮನ ಸಮಾಧಿ ಅವರ ಕಾಲ ಬಳಿಯಲ್ಲೇ ಇತ್ತು. ಅದರ ಸಿಮೆಂಟಿನ ಮೇಲೆ ಒಣಗಿದ ಬಾಳೆಎಲೆ ಬಿದ್ದಿತ್ತು. ಅಣ್ಣನ ಮುಖದಲ್ಲಿ ಗಾಬರಿಯೇ ಇರಲಿಲ್ಲ. ಕೆಝಿಯಾಳನ್ನು ಹೆದರಿಸಿದ್ದು ಆ ನೆಮ್ಮದಿ. ನಾನು ಒಂದು ಹೆಸರಿಗಾಗಿ ದಿನವಿಡೀ ಒದ್ದಾಡುತ್ತೇನೆ, ಇವನು ಇಡೀ ಮನೆಯನ್ನೇ ಕಳೆದುಕೊಂಡು ತಣ್ಣಗೆ ನಿಂತಿದ್ದಾನೆ. ಡಾಕ್ಟರು ಕರೆದುಕೊಂಡು ಬನ್ನಿ ಎಂದದ್ದು ಇಂಥವರನ್ನೇ. ಅವಳು ಅಣ್ಣನ ತೋಳು ಹಿಡಿದು, ತಾನೇ ದಾರಿ ತೋರಿಸುತ್ತಿದ್ದೇನೆ ಎಂದು ಗೊತ್ತಾಗದ ಹಾಗೆ, ಮನೆಯತ್ತ ನಡೆಸಿಕೊಂಡು ಬಂದಳು. ಹೂವಿನ ಬಗ್ಗೆ ಅವನು ಕೊಟ್ಟ ಮಾತಿನ ಬೆಲೆ ಎಷ್ಟು ಎಂಬುದು ಅರ್ಧ ದಾರಿಯಲ್ಲಿ ಅವಳಿಗೆ ಹೊಳೆಯಿತು.

ಅಡಿಗೆ ಗುಡಿಸಲ ಹಿಂದೆ ಸಮಾಲಿ ಬಾಳೆಕಾಯಿ ಹೆರೆಯುತ್ತಿದ್ದಳು. ಕೆಝಿಯಾ ಎದುರಿಗೆ ಹೋಗಿ ನಿಂತಳು. ಸಮಾಲಿ ತಲೆ ಎತ್ತದೆಯೇ ವಿಷಯ ತಿಳಿದುಕೊಂಡಳು.

"ಯಾವಾಗಿಂದ?" ಎಂದಳು ಕೆಝಿಯಾ.

"ಹೋದ ಸಲ ಮಿಡತೆ ಬಂದಾಗಿಂದ. ಪ್ರತಿ ವರ್ಷ ಆಸೆಪಟ್ಟು ತಿಂತಿದ್ದೋರು, ಹುರಿದು ಕೊಟ್ರೆ, ಇದೇನು ಹುಳ ಅಂತ ಕೇಳಿದ್ರು."

"ಅಣ್ಣಂದು ಮುಚ್ಚೋದಕ್ಕೆ ನನ್ನ ಮಾನ ತೆಗೆದ್ಯಾ, ಅತ್ತಿಗೆ?"

ಸಮಾಲಿ ಚಾಕು ಕೆಳಗಿಟ್ಟಳು. "ಬೀಗದ ಕೈ ಕಾಣೆಯಾಗತ್ತೆ, ಒಂದೇ ಸುದ್ದಿ ಎರಡು ಮನೆಗೆ ಎರಡು ಥರ ಹೋಗತ್ತೆ. ಯಾರು ಮರೆತಿದ್ದು ಅಂತ ಜನ ಕೇಳಿದಾಗ ಯಾರದಾದ್ರೂ ಹೆಸರು ಹೇಳಬೇಕಿತ್ತು. ಹುಡುಗಿ ಸೋದರತ್ತೆ ಮರೀತಾಳೆ ಅಂದ್ರೆ ಜನ ನಗ್ತಾರೆ ಅಷ್ಟೆ. ಅಪ್ಪ ಮರೀತಾನೆ ಅಂದ್ರೆ, ತಲೆ ಸರಿಯಿಲ್ಲದವನು ಕೊಟ್ಟ ಹುಡುಗಿ ಕೊಟ್ಟ ಹಾಗಲ್ಲ ಅಂತಾರೆ. ಯಜಮಾನಿಕೆ ತಮಗೆ ಬರಲಿ ಅಂತ ನಿನ್ನ ಮಲತಮ್ಮಂದಿರು ಅದಕ್ಕೇ ಬಾಯಿ ತೆರ್ಕೊಂಡು ಕೂತಿದಾರೆ. ಹುಡುಗನ ಕಡೆಯವರು ಎದ್ದು ಹೋಗ್ತಾರೆ. ಪೆನಿನಾ ಗತಿ ಏನು ಹೇಳು."

ಕೆಝಿಯಾಳಿಗೆ ಕೂಗಾಡಬೇಕೆನಿಸಿತು. ಸಿಪ್ಪೆಯ ರಾಶಿಯನ್ನು ಒದೆಯಬೇಕೆನಿಸಿತು. ಒಂದು ವರ್ಷದ ನೋಟಗಳು, ಜೋರು ಮಾತುಗಳು, ಸಾವಿನ ಮನೆಯ ಪಿಸುಮಾತುಗಳು ಎಲ್ಲ ಈ ಹೆಂಗಸು ಕೂತು ಹೆರೆದು ಎಸೆದ ಸಿಪ್ಪೆಗಳು. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂಬುದಕ್ಕೆ. ಕೊನೆಗೆ ಇಬ್ಬರ ನಡುವೆ ಒಪ್ಪಂದವಾಯಿತು. ಹೂವು ಕೆಝಿಯಾಳದೇ. ಹೂವಿನ ಕೆಲಸ ಮುಗಿದ ಮೇಲೆ ಅವಳು ಅಣ್ಣನ ಪಕ್ಕದಲ್ಲೇ ಕೂತು ಹೆಸರುಗಳನ್ನು ಕಿವಿಯಲ್ಲಿ ಹೇಳುತ್ತಿರಬೇಕು. ಸಮಾಲಿಗೆ ಆ ದಿನ ಹುಡುಗಿಯ ತಾಯಿಯಾಗಿ ಒಳಗಿರಬೇಕಾದ್ದರಿಂದ ಬೇರೆ ದಾರಿ ಇರಲಿಲ್ಲ.

"ಅದು ಮುಗಿದ ಮಾರನೇ ದಿನ," ಎಂದಳು ಕೆಝಿಯಾ, "ನೀನೇ ಇಗರ್ಜಿ ಮೆಟ್ಟಿಲ ಮೇಲೆ ನಿಂತು ಹೇಳಬೇಕು. ಕೆಝಿಯಾಗೆ ಏನೂ ಆಗಿಲ್ಲ ಅಂತ."

ಸಮಾಲಿ ಹೇಳುತ್ತೇನೆ ಎಂದಳು. ಆ ಕ್ಷಣ ಅವಳಿಗೂ ಅದು ನಿಜವೇ ಅನ್ನಿಸಿರಬೇಕು.

ಕ್ವಂಜುಲಾದ ದಿನ ಎರಡು ಶಾಮಿಯಾನಗಳು ಎದುರುಬದುರಾಗಿ ನಿಂತವು, ಒಂದು ಅವರದು, ಒಂದು ಇವರದು. ಎರಡೂ ಕಡೆಯ ಮಾತುಗಾರರು ಒಬ್ಬರನ್ನೊಬ್ಬರು ಕಿಚಾಯಿಸಿ, ದಾರಿ ತಪ್ಪಿ ಬಂದಿದ್ದೀರಾ, ನೀರು ಕುಡಿಯಲು ಬಂದಿದ್ದೀರಾ ಎಂದು ಎಳೆದಾಡಿ ಜನರನ್ನು ನಗಿಸಿದರು. ಹುಡುಗಿಯರ ಗುಂಪುಗಳು ಬಂದು ಮಂಡಿಯೂರಿ ಹೋದವು. ಆಮೇಲೆ ಕೆಝಿಯಾ ತಾನೇ ಹೊಲಿದ ನೇರಳೆ ಗೊಮೆಸಿಯಲ್ಲಿ ಹೂವು ಹಿಡಿದು ಎದುರಿನ ಶಾಮಿಯಾನಕ್ಕೆ ನಡೆದಳು. ಹ್ಯಾರಿಯೆಟ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮಲತಮ್ಮಂದಿರು ಕತ್ತು ಉದ್ದ ಮಾಡಿದರು. ತನಗಾಗಿ ಹಿಡಿದಿಟ್ಟ ಇಷ್ಟೊಂದು ಉಸಿರುಗಳನ್ನು ಕೆಝಿಯಾ ಜನ್ಮದಲ್ಲಿ ಕೇಳಿರಲಿಲ್ಲ.

ಅವಳಿಗಳು ಮೂರನೇ ಸಾಲಿನಲ್ಲಿ ಪಕ್ಕಪಕ್ಕದಲ್ಲೇ ಕೂತಿದ್ದರು, ಬೇಕೆಂದೇ. ಕೆಝಿಯಾ ಅವಸರ ಮಾಡಲಿಲ್ಲ. ಒಬ್ಬನ ಕಣ್ಣು ಅವಳ ಭುಜದ ಮೇಲಿಂದ ಹಾದು ಹುಡುಗಿಯರ ಚಾಪೆಯ ಕಡೆ ಹೋಗುತ್ತಿತ್ತು. ಇನ್ನೊಬ್ಬನ ಕಣ್ಣು ಹೂವು ಹಿಡಿದ ಕೈಯನ್ನು ಬಿಟ್ಟು ಕದಲುತ್ತಿರಲಿಲ್ಲ, ಹಣೆಯಲ್ಲಿ ಬೆವರು ಬೇರೆ. ಇಷ್ಟು ವರ್ಷ ಹೂವು ಚುಚ್ಚಿದವಳಿಗೆ ಮದುಮಗನ ಹೆದರಿಕೆ ಗೊತ್ತಿಲ್ಲದೆ ಇರುತ್ತದೆಯೇ? ಅವಳು ಆ ಬೆವರಿದವನ ಎದೆಗೆ ಹೂವು ಚುಚ್ಚಿ, ಕೈ ಹಿಡಿದು ಎಬ್ಬಿಸಿದಳು.

ವಾಸ್ವಾ. ಎರಡೂ ಶಾಮಿಯಾನಗಳಲ್ಲಿ ಹೆಂಗಸರು ಒಟ್ಟಿಗೆ ನಾಲಿಗೆ ಹೊರಳಿಸಿ ಉಲಿದರು. ಇಗರ್ಜಿಯ ಮೆಟ್ಟಿಲ ಮೇಲೆ ಪಿಸುಗುಟ್ಟಿದ್ದವರೇ ಎದ್ದು ನಿಂತು ಕುಣಿದರು. ಪೆನಿನಾ ಬಾಗಿಲಲ್ಲಿ ನಿಂತು ಅಳುತ್ತಾ ನಗುತ್ತಿದ್ದಳು. ಕೆಝಿಯಾ ಗದ್ದ ಮೇಲೆತ್ತಿಕೊಂಡು, ಹ್ಯಾರಿಯೆಟ್ಟಳ ಮುಂದೆ ಹಾದುಹೋಗುವಾಗ ಬೇಕೆಂದೇ ನಡಿಗೆ ನಿಧಾನ ಮಾಡಿದಳು. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು. ಇನ್ನು ಸಾಯುವ ತನಕ ಏನು ಬೇಕಾದರೂ ಮರೆಯಬಹುದು, ಯಾರೂ ಮುಖ ನೋಡಿಕೊಳ್ಳುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

ಹುಡುಗ ಹುಡುಗಿ ಒಪ್ಪಿಗೆಯ ಗುರುತಾಗಿ ಕಾಫಿ ಕಾಳು ಅಗಿದದ್ದಾಯಿತು. ಬುಟ್ಟಿಗಳು, ಸಕ್ಕರೆ, ಮಾಂಸದ ತೊಡೆ, ಹಿರಿಯರಿಗೆ ಕಾಂಝು, ಸೆಂಗಾಗೆ ಗೊಮೆಸಿ ಬಂದವು. ಕೆಝಿಯಾ ಅಣ್ಣನ ಕುರ್ಚಿಯ ಪಕ್ಕ ಚಾಪೆಯ ಮೇಲೆ ಕೂತು ಒಬ್ಬೊಬ್ಬರ ಹೆಸರನ್ನೂ ಹೇಳುತ್ತಿದ್ದಳು, ಅವನು ಗದ್ದ ಅಲ್ಲಾಡಿಸುತ್ತಿದ್ದ. ಉಳಿದದ್ದು ಒಂದೇ, ಭಾವಮೈದುನನ ಕೋಳಿ. ಹುಡುಗಿಯ ಅಣ್ಣನ ಅಥವಾ ತಮ್ಮನ ಕೈಗೆ ಹುಡುಗ ತಂದ ಹುಂಜ ಸೇರದೆ ಏನೂ ಮುಗಿದಂತಲ್ಲ. ತಂದೆಯಾದವನು ತಾನೇ ಎದ್ದು, ಅದನ್ನು ತೆಗೆದುಕೊಳ್ಳುವ ಮಗನನ್ನು ಹೆಸರು ಹಿಡಿದು ಕರೆಯುವುದು ಅವರ ಮನೆಯ ಪದ್ಧತಿ.

"ಕೋಳಿಗೆ ಕೆಫಾ," ಎಂದು ಕೆಝಿಯಾ ಪಿಸುಗುಟ್ಟಿದಳು. "ಕೆಫಾ ಅಂತ ಕರಿ, ಅಣ್ಣ."

"ನನ್ನ ಮಗನ ಹೆಸರು ನನಗೆ ಗೊತ್ತಿಲ್ವಾ?" ಎಂದು ಎರಿಯಾ ರೇಗಿದ.

ಹೂವು, ರಿಬ್ಬನ್ನು ಸುತ್ತಿದ ಬುಟ್ಟಿಯಲ್ಲಿ ಹುಂಜ ಬಂತು. ಎರಿಯಾ ಎದ್ದು ನಿಂತ. ಕಾಂಝುವಿನಲ್ಲಿ ಅವನು ಎಷ್ಟು ಚೆನ್ನಾಗಿ ಕಾಣುತ್ತಿದ್ದನೆಂದರೆ ಎರಡೂ ಕಡೆಯವರು ತಾವಾಗಿಯೇ ಮಾತು ನಿಲ್ಲಿಸಿದರು.

"ನನ್ನ ಹಿರಿಮಗ ಎರಿನೆಸ್ತಿ," ಎಂದ ಅವನು ಗಟ್ಟಿ ದನಿಯಲ್ಲಿ. "ಬಾ. ನಿನ್ನ ಕೋಳಿ ತಗೋ."

ಅರ್ಧ ಎದ್ದಿದ್ದ ಕೆಫಾ ಅಲ್ಲೇ ನಿಂತ. ಎರಿಯಾ ಸುತ್ತ ನೋಡಿದ.

"ಎಲ್ಲಿ ಹೋದ? ಈಗಷ್ಟೇ ಹಲಸಿನ ಮರದ ಹತ್ರ ನಿಂತಿದ್ದ."

ಹುಡುಗನ ಕಡೆಯ ಹಿರಿಯನೊಬ್ಬ ಕೈಯಲ್ಲಿದ್ದ ಲೋಟ ಕೆಳಗಿಟ್ಟ. ದೊಡ್ಡ ಮಲತಮ್ಮ ಮೊಣಕಾಲಿನ ಮೇಲೆ ಕೈ ಊರಿದ, ಎದ್ದು ಮಾತಾಡುವವನ ಹಾಗೆ. ಬಾಗಿಲಲ್ಲಿ ಸಮಾಲಿ ಗೋಡೆ ಹಿಡಿದುಕೊಂಡಳು. ಪೆನಿನಾಳಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಅಪ್ಪ ತಮಾಷೆ ಮಾಡುತ್ತಿದ್ದಾನೇನೋ ಎಂಬಂತೆ ನೋಡುತ್ತಿದ್ದಳು.

ಕೆಝಿಯಾ ಸುಮ್ಮನೆ ಕೂತಿದ್ದರೆ ಸಾಕಿತ್ತು. ಮರೆತವರು ಯಾರು ಎಂಬುದು ಒಂದು ನಿಮಿಷದಲ್ಲಿ ಊರಿಗೆಲ್ಲ ತಾನಾಗಿಯೇ ಗೊತ್ತಾಗುತ್ತಿತ್ತು. ಇಷ್ಟು ದಿನ ತನ್ನನ್ನು ಹುರಿದು ತಿಂದವರು ಬಂದು ಕ್ಷಮೆ ಕೇಳುತ್ತಿದ್ದರು. ಆ ಆಸೆ ಅವಳ ಬಾಯಿಯಲ್ಲಿ ನೀರೂರಿಸಿತು. ಈ ದಿನ ನನ್ನದು, ಇದೊಂದು ದಿನವನ್ನಾದರೂ ನನಗೆ ಬಿಡಿ ಎಂದು ಯಾರನ್ನೋ ಬೈಯಬೇಕೆನಿಸಿತು. ಅಷ್ಟರಲ್ಲಿ ಮಲತಮ್ಮ ಎದ್ದೇ ಬಿಟ್ಟ.

ಅವನು ಬಾಯಿ ತೆರೆಯುವ ಮೊದಲು ಕೆಝಿಯಾ ಎರಡೂ ಶಾಮಿಯಾನಗಳ ನಡುವೆ ಹೋಗಿ ಮಂಡಿಯೂರಿದಳು.

"ತಪ್ಪು ನಂದು, ದೊಡ್ಡೋರೆ," ಎಂದಳು. "ಎರಿನೆಸ್ತಿ ಬಂದಿದಾನೆ, ಹಲಸಿನ ಮರದ ಹತ್ರ ನಿಂತಿದಾನೆ ಅಂತ ಅಣ್ಣನ ಕಿವೀಲಿ ಹೇಳಿದ್ದು ನಾನೇ. ನಂಗೆ ಹಾಗೇ ಕಂಡಿತು. ಸೆಂಗಾ ಹೇಳಿದ್ದು ಮೀರಬಾರದು ಅಂತ ಅಣ್ಣ ಹಾಗೇ ಕರೆದ. ನನ್ನ ತಲೆ ಈಚೆಗೆ ಹೀಗೇ. ಬೇಕಾದ್ರೆ ಯಾರನ್ನಾದ್ರೂ ಕೇಳಿ, ಊರಿಗೆಲ್ಲ ಗೊತ್ತು."

ಯಾರನ್ನೂ ಕೇಳಬೇಕಾಗಲಿಲ್ಲ. ಅವಳ ಕಡೆಯ ಶಾಮಿಯಾನದಲ್ಲೇ ಎಲ್ಲರೂ ಆಗಲೇ ತಲೆಯಾಡಿಸುತ್ತಿದ್ದರು. ಈಸ್ಟರ್ ಹಬ್ಬದಲ್ಲೂ ಹೀಗೇ ಆಗಿತ್ತು ಎಂದು ಯಾರೋ ಪಕ್ಕದವರಿಗೆ ಹೇಳಿದರು. ಕೊಡೆಯ ಕಥೆ ಎರಡನೇ ಸಾಲು ದಾಟಿ ಮೂರನೆಯದಕ್ಕೆ ಹೋಯಿತು. ಮಲತಮ್ಮ ಮೆಲ್ಲಗೆ ಕೂತ. ಇಷ್ಟು ಸುಲಭವಾಗಿ ನಂಬುತ್ತಾರೆಂದು ಕೆಝಿಯಾ ಅಂದುಕೊಂಡಿರಲಿಲ್ಲ; ಒಬ್ಬರಾದರೂ ಇಲ್ಲ, ಈಗಷ್ಟೇ ಹೂವು ಸರಿಯಾಗಿ ಹಾಕಿದಳಲ್ಲ ಎನ್ನಬಹುದೆಂದು ಒಂದು ಗಳಿಗೆ ಕಾದಳು. ಹುಡುಗನ ಕಡೆಯ ಮಾತುಗಾರ ಎದ್ದು ನಿಂತು ನಗೆಯಿಂದಲೇ ಬಿಗಿ ಸಡಿಲಿಸಿದ.

"ಹಾಗಾದ್ರೆ ಹೂವು ನಮ್ಮ ಹುಡುಗನ ಎದೆಗೇ ಬಿದ್ದಿದ್ದು ನಮ್ಮ ಅದೃಷ್ಟ, ಸೆಂಗಾ."

ಜನ ಹೊಟ್ಟೆ ಹಿಡಿದು ನಕ್ಕರು. ವಾಸ್ವಾ ಕೂಡ ನಕ್ಕು, ಕಾತೊನ ಕಡೆ ನೋಡಿ, ತನ್ನ ಎದೆಯ ಹೂವನ್ನು ಮುಟ್ಟಿ ನೋಡಿಕೊಂಡ. ಕೆಝಿಯಾಳಿಗೆ ಉಳಿದದ್ದೆಲ್ಲಕ್ಕಿಂತ ಅದೇ ಹೆಚ್ಚು ನೋಯಿಸಿತು. ಕೆಫಾ ಬಂದು ಹುಂಜ ತೆಗೆದುಕೊಂಡ. ಡೋಲು ಬಾರಿಸಿದರು. ಮದುವೆ ಉಳಿಯಿತು.

ಊಟದ ಹೊತ್ತಿಗೆ ಹ್ಯಾರಿಯೆಟ್ ಅವಳ ಮೊಣಕೈ ಹಿಡಿದು, ಇಲ್ಲಿ ಮೆಟ್ಟಿಲಿದೆ, ಇಲ್ಲಿ ನೀರಿದೆ ಎಂದು ಹೇಳಿಕೊಡುತ್ತಾ ಕೂರಿಸಿದಳು. ಎಲ್ಲಾದರೂ ಇಟ್ಟು ಮರೆಯುತ್ತೀರಿ ಎಂದು ಹುಡುಗನ ಕಡೆಯವರು ಕೊಟ್ಟ ಗೊಮೆಸಿಯನ್ನು ತಾನೇ ಎತ್ತಿಟ್ಟುಕೊಂಡಳು. ಸಮಾಲಿ ಒಲೆಯ ಹತ್ತಿರದಿಂದ ಕದಲಲಿಲ್ಲ, ಈ ಕಡೆ ನೋಡಲೂ ಇಲ್ಲ. ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಇನ್ನು ಅವಳು ಏನೂ ಹೇಳುವಂತಿರಲಿಲ್ಲ, ಹೇಳಿದರೂ ನಂಬುವವರಿರಲಿಲ್ಲ. ಪೆನಿನಾ ಮಾತ್ರ ಉಡುಪು ಸಾವರಿಸಿಕೊಂಡು ಓಡಿಬಂದು ಮಂಡಿಯೂರಿ, ಕೆಝಿಯಾಳ ಎರಡೂ ಕೈ ಹಿಡಿದುಕೊಂಡಳು. ಆ ಹುಡುಗಿಯೊಬ್ಬಳೇ ಈ ವರ್ಷವಿಡೀ ಅವಳೊಡನೆ ಮಾಮೂಲಿನ ದನಿಯಲ್ಲಿ ಮಾತಾಡಿದ್ದವಳು.

"ಸೆಂಗಾ," ಎಂದಳು ಪೆನಿನಾ, ಜೋರಾಗಿ, ಒಂದೊಂದೇ ಅಕ್ಷರ ಬಿಡಿಸಿ. "ನಾನು. ಪೆನಿನಾ."

"ಗೊತ್ತು ಕಣೇ," ಎಂದಳು ಕೆಝಿಯಾ. ದನಿ ಒರಟಾಗಿ ಬಂತು. ಹುಡುಗಿಯ ಕಣ್ಣು ತುಂಬಿತು.

ಬಿಸಿಲು ಇಳಿದು, ಹುಡುಗನ ಕಡೆಯವರ ಬಸ್ಸು ಬೆಟ್ಟ ಇಳಿದ ಮೇಲೆ ಕೆಝಿಯಾ ಖಾಲಿ ಶಾಮಿಯಾನದಲ್ಲಿ ಒಬ್ಬಳೇ ಕೂತು ಚಪ್ಪಲಿ ಹುಡುಕುತ್ತಿದ್ದಳು. ಎಲ್ಲಿ ಬಿಟ್ಟಿದ್ದಳೋ ನೆನಪಿಗೆ ಬರಲಿಲ್ಲ. ಬರದಿದ್ದಕ್ಕೆ ಅವಳಿಗೆ ಅಳು ಬಂತು, ಅಳು ಬಂದಿದ್ದಕ್ಕೆ ಸಿಟ್ಟು ಬಂತು. ಆಗ ಎರಿಯಾ ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ಆಮೇಲೆ ಚಿಕ್ಕಂದಿನಲ್ಲಿ ಶಾಲೆಯ ದಾರಿಯಲ್ಲಿ ಹಿಡಿಯುತ್ತಿದ್ದ ಹಾಗೆ ತಂಗಿಯ ಮಣಿಕಟ್ಟು ಹಿಡಿದುಕೊಂಡ.

"ಕೆಝಿಯಾ, ನಿಂಗೆ ಮರೆವು ಬಂದಿದೆಯಂತೆ. ಎಲ್ಲರೂ ಹೇಳ್ತಿದಾರೆ," ಎಂದ. "ಹೆದರಬೇಡ. ನಾನಿದೀನಲ್ಲ, ನಾನು ನೆನಪು ಮಾಡ್ತೀನಿ."

ಅವಳು ಅಣ್ಣನ ಮುಖ ನೋಡಿದಳು. ಅವನು ಮನಸಾರೆ ಹೇಳುತ್ತಿದ್ದ.

"ಆಯ್ತು ಅಣ್ಣ."

"ಎರಿನೆಸ್ತಿ ಕೋಳಿ ತಗೊಂಡನಾ?"

ಕೆಝಿಯಾ ಹಲಸಿನ ಮರದ ಕಡೆಗೆ ಒಮ್ಮೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ತಗೊಂಡ," ಎಂದಳು. ಆಮೇಲೆ ಎದ್ದು, ಬರಿಗಾಲಲ್ಲೇ, ಅವನ ಕೈ ಹಿಡಿದು ಮನೆ ಯಾವ ಕಡೆಗೆಂದು ತೋರಿಸಿದಳು.